ಹಗೇವಿಗೆ ಇಳಿಸದ ಕಂದೀಲು

ನನ್ನ ಮೊಮ್ಮಗಳು ಮೇಲೆ ಹೋಗುತ್ತೇನೆ ಎನ್ನುತ್ತಾಳೆ. ವಿಮಾನ ಹಾರುವ ಎತ್ತರ ಅವಳಿಗೆ ಸಾಲದು. ಅದಕ್ಕೂ ಮೇಲೆ, ಗಾಳಿಯೇ ಇಲ್ಲದ ಕಡೆಗೆ ಹೋಗಬೇಕಂತೆ. ಅವಳ ಅಪ್ಪ, ಅಂದರೆ ನನ್ನ ಮಗ, ಒಮ್ಮೆ ಕೆಳಗೆ ಹೋಗಿ ಬಂದವನು. ಅಲ್ಲಿಯೂ ಗಾಳಿ ಇರಲಿಲ್ಲ. ಅವಳನ್ನು ಕಳಿಸಬೇಕೋ ಬೇಡವೋ ಎಂಬ ಮಾತು ಮನೆಯಲ್ಲಿ ಎದ್ದಾಗಲೆಲ್ಲ ನನಗೆ ಆ ಮುಂಜಾನೆ ನೆನಪಾಗುತ್ತದೆ. ಆದದ್ದನ್ನು ಆದ ಹಾಗೆ ಹೇಳುತ್ತೇನೆ. ಹೆಚ್ಚು ಕಲಿತವಳಲ್ಲ, ಬಣ್ಣ ಹಚ್ಚಿ ಹೇಳಲು ಬರುವುದೂ ಇಲ್ಲ.

ನಾನು ಹುಟ್ಟಿದ್ದು ಭೋಜದಲ್ಲಿ. ಕೊಟ್ಟದ್ದು ಕಾಗವಾಡದ ಹತ್ತಿರದ ಕರಿ ನೆಲದ ಊರಿಗೆ. ತವರಿನಲ್ಲಿ ತಂಬಾಕು, ಇಲ್ಲಿ ಜೋಳ. ಜೋಳ ಇಡಲು ಅಂಗಳದಲ್ಲಿ ಹಗೇವು ಇತ್ತು. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ತೂರುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಸುತ್ತಲೂ ಹುಲ್ಲು ಒತ್ತಿ, ಜೋಳ ಸುರಿದು, ಬಾಯಿಗೆ ಕಲ್ಲು ಇಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಒಳಗೆ ಹುಳ ಬದುಕುವುದಿಲ್ಲ, ಅದಕ್ಕೇ ಕೆಡುವುದಿಲ್ಲ.

ಹುಳ ಬದುಕದ ಕಡೆ ಮನುಷ್ಯನೂ ಬದುಕುವುದಿಲ್ಲ. ಹಿಂದಿನವರಿಗೆ ಇದು ಗೊತ್ತಿತ್ತು. ಹಗೇವು ತೆಗೆದರೆ ಒಂದು ದಿನ ಬಾಯಿ ತೆರೆದು ಬಿಡುತ್ತಿದ್ದರು. ಮರುದಿನ ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಸುತ್ತಿದ್ದರು. ತಳ ಮುಟ್ಟಿ, ಉರಿಯುತ್ತಲೇ ಮೇಲೆ ಬಂದರೆ ಆಮೇಲೆ ಮನುಷ್ಯ. ಆ ಮನುಷ್ಯನಿಗೂ ಒಂದು ಕಟ್ಟು ಇತ್ತು. ಕಂಕುಳಿಗೆ ಹಗ್ಗ, ಮತ್ತು ಬಾಯಲ್ಲಿ ಮಾತು. ಮೇಲಿನಿಂದ ‘ಹೋ’ ಎಂದರೆ ಕೆಳಗಿನಿಂದ ‘ಹೋ’ ಬರಬೇಕು. ಬರಲಿಲ್ಲವೆಂದರೆ ಯಾಕೆ ಏನು ಎಂದು ಕೇಳದೆ ಎಳೆಯಬೇಕು.

ಆ ವರ್ಷ ಮೊಮ್ಮಗಳು ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದುತ್ತಿದ್ದಳು. ನಮ್ಮ ದೇಶದಲ್ಲಿ ಹುಟ್ಟಿ ಅಮೆರಿಕಾಕ್ಕೆ ಹೋದ ಒಬ್ಬ ಹೆಣ್ಣುಮಗಳು ಆಕಾಶಕ್ಕೆ ಹೋಗಿದ್ದಳು. ಪೇಪರಿನಲ್ಲಿ ಬಂದ ಅವಳ ಚಿತ್ರವನ್ನು ಹುಡುಗಿ ಕತ್ತರಿಸಿ, ಅನ್ನದ ಅಗುಳಿನಿಂದ ಗೋಡೆ ಕಪಾಟಿನ ಬಾಗಿಲಿಗೆ ಅಂಟಿಸಿದ್ದಳು. ಕಿತ್ತಳೆ ಬಣ್ಣದ ಅಂಗಿ, ಕೈಯಲ್ಲಿ ಮಡಕೆಯಂಥ ಟೊಪ್ಪಿಗೆ, ಮುಖದ ತುಂಬ ನಗು. ನಾನು ಉಪ್ಪಿನಕಾಯಿ ತೆಗೆಯಲು ಕಪಾಟು ತೆರೆದಾಗಲೆಲ್ಲ ಆ ನಗು ಪಕ್ಕಕ್ಕೆ ಸರಿಯುತ್ತಿತ್ತು.

ನಮ್ಮದು ಹೊತ್ತು ಮುಳುಗುವ ಮೊದಲು ಊಟ ಮುಗಿಸುವ ಜೈನರ ಮನೆ. ಆ ಶನಿವಾರ ಮುಂಜಾನೆ ಹಗೇವಿನ ಬಾಯಿ ತೆರೆದಿದ್ದೆವು. ನಾಲ್ಕು ವರ್ಷದ ಹಿಂದೆ ಅರ್ಧ ಜೋಳ ತೆಗೆದು ಮತ್ತೆ ಮುಚ್ಚಿದ್ದ ಹಗೇವು ಅದು. ಸಂಜೆ ಊಟ ಮುಗಿಸಿ ಎಲ್ಲರೂ ಟಿವಿ ಮುಂದೆ ಕುಳಿತಿದ್ದೆವು. ಆ ಹೆಣ್ಣುಮಗಳು ಅಂದು ತಿರುಗಿ ಬರುವವಳು. ಬರಲಿಲ್ಲ. ನೀಲಿ ಆಕಾಶದಲ್ಲಿ ಬಿಳಿ ಗೆರೆ ಒಂದಿತ್ತು, ನೋಡುತ್ತಿದ್ದಂತೆ ಎರಡಾಯಿತು, ಮೂರಾಯಿತು. ಅದನ್ನೇ ಮತ್ತೆ ಮತ್ತೆ ತೋರಿಸಿದರು. ಏಳು ಮಂದಿ ಇದ್ದರಂತೆ.

“ಆಯಿ, ಕೆಳಗಿನವರು ಕರಿಯಾಕತ್ತಾರಂತ,” ಎಂದಳು ಹುಡುಗಿ. “ಅವರು ಓ ಅನ್ನವಲ್ಲರಂತ.”

ನನ್ನ ಮೈದುನ ಗೋಡೆಗೆ ಒರಗಿ ಕುಳಿತಿದ್ದ. ಗಂಡ ಹೋದ ಮೇಲೆ ಹೊಲಮನೆ ನೋಡಿಕೊಂಡವನು ಅವನೇ. “ಏನ್ ಬೇಕಾಗಿತ್ತಂತ ಅಲ್ಲಿ? ಭೂಮಿ ಮ್ಯಾಲ ಜಾಗಾ ಮುಗದಿತ್ತೇನು?” ಎಂದ.

“ಸಣ್ಣ ಹುಡುಗಿ ಮುಂದ ಹಂಗ ಅನಬ್ಯಾಡ್ರಿ ಮಾವಾರ,” ಎಂದಳು ಸೊಸೆ.

“ಅನ್ನಲಿಲ್ಲಂದ್ರ ಅವರು ತಿರುಗಿ ಬರ್ತಾರೇನು?”

ಹುಡುಗಿ ಎದ್ದು ಹೋಗಿ ಕಪಾಟಿಗೆ ಮುಖ ಮಾಡಿ ಕುಳಿತಳು. ಅಳಲಿಲ್ಲ. ಅತ್ತಿದ್ದರೆ ಸುಮ್ಮನಿರಿಸಬಹುದಿತ್ತು.

ಮರುದಿನ ಮುಂಜಾನೆ ಪಕ್ಕದ ಹೊಲದವನು ಹಗ್ಗ ಹಿಡಿಯಲು ಬಂದ. ಹಗ್ಗಕ್ಕೆ ಇಬ್ಬರು ಬೇಕು, ಅವನು ಮತ್ತು ಮೈದುನ. ಇಳಿಯುವವನು ನನ್ನ ಮಗ. ನಾನು ಕಂದೀಲಿಗೆ ಎಣ್ಣೆ ಹಾಕಿ ತಂದೆ.

“ಕಂದೀಲ ಬ್ಯಾಡ ವೈನಿ,” ಎಂದ ಮೈದುನ.

ಹಿಂದಿನ ವರ್ಷ ಮುನಿಗಳ ಚಾತುರ್ಮಾಸದಲ್ಲಿ ಕುಳಿತು ಬಂದ ಮೇಲೆ ಅವನು ಉರಿಯುವ ದೀಪಕ್ಕೆ ಹೆದರುತ್ತಿದ್ದ. ಮುನಿಗಳು ಹಗೇವಿನ ಮಾತು ಎತ್ತಿರಲಿಲ್ಲ, ಅವರಿಗೆ ಅದರ ಅಗತ್ಯವೂ ಇರಲಿಲ್ಲ. ಜೀವದ ಮೇಲೆ ದಯೆ ಇರಲಿ ಎಂದಿದ್ದರು. ಅದನ್ನು ಹಗೇವಿನ ತನಕ ಒಯ್ದವನು ಇವನೇ.

“ಹುಲ್ಲಿನಾಗ ನುಸಿ ಇರ್ತಾವ. ಉರಿಗೆ ಬಿದ್ದು ಸಾಯ್ತಾವ. ಮಿರಜಿಂದ ಹೊಸಾ ಬ್ಯಾಟರಿ ತಂದೀನಲ್ಲ, ಅದನ್ನ ಇಳಸ್ತೀನಿ. ಕಂದೀಲಿಗಿಂತ ಬೆಳಕ ಜಾಸ್ತಿ.”

ಯಾರೂ ಬೇಡ ಎನ್ನಲಿಲ್ಲ. ಎಷ್ಟೋ ವರ್ಷದಿಂದ ನಮ್ಮ ಹಗೇವಿನಲ್ಲಿ ಕಂದೀಲು ಆರಿರಲಿಲ್ಲ. ಆರದ ದೀಪವನ್ನು ಯಾಕೆ ಇಳಿಸುತ್ತೇವೆ ಎಂಬುದು ಎಲ್ಲರ ತಲೆಯಿಂದ ಹೋಗಿತ್ತು. ಒಳಗೆ ಕಾಣಲಿ ಎಂದು ಇಳಿಸುತ್ತೇವೆ ಅಂದುಕೊಂಡಿದ್ದೆವು. ಬ್ಯಾಟರಿ ಇಳಿಯಿತು. ಹುಲ್ಲು ಕಂಡಿತು, ಜೋಳ ಕಂಡಿತು, ಜೋಳದ ಮೇಲೆ ಬಿದ್ದ ಒಂದು ಹಳೆಯ ಬುಟ್ಟಿಯೂ ಕಂಡಿತು. ಬ್ಯಾಟರಿ ಮೇಲೆ ಬಂತು, ಇನ್ನೂ ಉರಿಯುತ್ತಿತ್ತು.

ಆ ಹಗೇವಿನೊಳಗೆ ಒಂದು ನುಸಿಯೂ ಇರಲಿಲ್ಲ. ಇದ್ದಿದ್ದರೆ ಹೆದರುವ ಕಾರಣವೇ ಇರುತ್ತಿರಲಿಲ್ಲ.

ಮಗ ಇಳಿದ. ಹುಡುಗಿ ಹಗೇವಿನ ಬಾಯಿಯ ಪಕ್ಕದಲ್ಲಿ ಮೊಣಕಾಲು ಮಡಚಿ ಕುಳಿತಿದ್ದಳು. ರಾತ್ರಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ, ಯಾರ ಜೊತೆಗೂ ಮಾತಿಲ್ಲ. ಮೇಲಿನಿಂದ ‘ಹೋ’ ಎಂದರು, ಕೆಳಗಿನಿಂದ ‘ಹೋ’ ಬಂತು. ಆ ಮೇಲೆ ಪಕ್ಕದ ಹೊಲದವನು ಟಿವಿಯಲ್ಲಿ ನೋಡಿದ್ದನ್ನು ತೆಗೆದ.

“ಪಾಪ, ಏಳು ಮಂದಿ. ಆದ್ರ ಹಿಂಗ ಯಾರಾರ ಹೋಗಲೇಬೇಕ್ರಿ. ಅವರು ಮ್ಯಾಲ ಹೋಗಲಿಲ್ಲಂದ್ರ ನಿಮ್ಮ ಮನ್ಯಾಗ ಟಿವಿ ಎಲ್ಲಿಂದ ಬರ್ತಿತ್ತು? ಮಳಿ ಬರ್ತೈತಿ ಅಂತ ಯಾರ ಹೇಳ್ತಿದ್ರು?”

“ಟಿವಿ ಬರಾಕ ಮನಷ್ಯಾ ಯಾಕ ಸಾಯಬೇಕೋ,” ಎಂದ ಮೈದುನ. “ಒಂದು ತಗಡಿನ ಡಬ್ಬಿ ಮ್ಯಾಲ ಇಟ್ರ ಸಾಕು. ಮನಷ್ಯಾನ್ನ ಕಳಿಸೂದು ಬರೇ ಸೊಕ್ಕು.”

“ಡಬ್ಬಿಗೆ ಏನ್ ತಿಳಿತೈತ್ರಿ?”

“ನಿನಗ ಏನ್ ತಿಳಿತೈತಿ? ನಮ್ಮ ಊರಾಗ ನಳಕ್ಕ ನೀರಿಲ್ಲ. ಅಲ್ಲಿ ಚಂದ್ರನ ಮ್ಯಾಲ ನೀರ ಹುಡಕತಾರ.”

ಕೆಳಗಿನಿಂದ ಮಗ ನಕ್ಕ. “ಕಾಕಾ, ಮ್ಯಾಲ ಹೋದವರ ಚಿಂತಿ ಆಮ್ಯಾಲ ಮಾಡ್ರಿ. ನಾ ಕೆಳಗ ಅದೀನಿ, ಹಗ್ಗದ ಕಡೆ ಲಕ್ಷ್ಯ ಇರಲಿ.”

“ಇರತೈತಿ ಬಿಡಲೇ. ಬುಟ್ಟಿ ತುಂಬು.”

ಮಾತು ಮುಂದುವರಿಯಿತು. ಅಮೆರಿಕಾದವರ ದುಡ್ಡು, ನಮ್ಮವರ ದುಡ್ಡು, ಹೆಣ್ಣುಮಗಳು ಮನೆಯಲ್ಲಿ ಇರಬೇಕಿತ್ತು, ಇರಬಾರದಿತ್ತು. ಪಕ್ಕದವನು ‘ಹೋ’ ಎಂದ. ಕೆಳಗಿನಿಂದ ಏನೋ ಬಂತು, ಅದು ‘ಹೋ’ ಎಂದೇ ಅನಿಸಿತು. ತುಸು ತೆಳ್ಳಗಿತ್ತು. ಮೈದುನ ಕೈ ತಿರುವುತ್ತ ಇನ್ನೊಂದು ಮಾತು ಶುರುಮಾಡಿದ. ಪಕ್ಕದವನು ಮತ್ತೆ ‘ಹೋ’ ಎಂದು, ಉತ್ತರಕ್ಕೆ ಕಾಯದೆ ಅವನ ಮಾತಿಗೆ ಮಾತು ಸೇರಿಸಿದ.

ನಾನು ಅಂಗಳದ ಆ ಕಡೆ ಜೋಳ ಸುರಿಯಲು ಗೋಣಿತಾಟು ಹಾಸುತ್ತಿದ್ದೆ. ಹುಡುಗಿಯ ದನಿ ಕೇಳಿತು. ಕೂಗಲಿಲ್ಲ ಅವಳು. ಸಣ್ಣಗೆ, ಪಾಠ ಒಪ್ಪಿಸುವವರ ಹಾಗೆ ಹೇಳಿದಳು.

“ಸಣ್ಣಜ್ಜಾ, ಅಪ್ಪ ಓ ಅನ್ನಲಿಲ್ಲ.”

ಮೈದುನ ಬಗ್ಗಿ ‘ಹೋ’ ಎಂದ. ಹೆಸರು ಹಿಡಿದು ಕರೆದ. ಹಗೇವು ಅವನ ದನಿಯನ್ನೇ ತಿರುಗಿ ಕೊಟ್ಟಿತು.

ಆಗ ಅವನು ಮಾಡಿದ್ದು ಎಲ್ಲ ಊರಲ್ಲಿ ಎಲ್ಲ ಗಂಡಸರೂ ಮಾಡುವುದು. ಹಗ್ಗ ಬಿಟ್ಟು ತಾನೇ ಇಳಿಯಲು ಕಾಲು ಹಾಕಿದ. ಹಗೇವಿನಲ್ಲಿ ಒಬ್ಬ ಸತ್ತ ಎಂದು ಎಂದೂ ಕೇಳುವುದಿಲ್ಲ, ಇಬ್ಬರು ಸತ್ತರು, ಮೂವರು ಸತ್ತರು ಎಂದೇ ಕೇಳುವುದು. ನಾನು ಓಡಿ ಹೋಗಿ ಅವನ ಧೋತರದ ಕಚ್ಚೆ ಹಿಡಿದು ಹಿಂದಕ್ಕೆ ಜಗ್ಗಿದೆ. ಧೋತರ ಅರ್ಧ ಬಿಚ್ಚಿತು, ಅವನು ಬೆನ್ನ ಮೇಲೆ ಬಿದ್ದ.

“ನೀ ಇಳಿದ್ರ ಎರಡು ಹೆಣ. ಎಳಿ,” ಎಂದೆ.

ಎಳೆದೆವು. ನಾನು, ಸೊಸೆ, ಇಬ್ಬರು ಗಂಡಸರು. ಎಚ್ಚರವಿಲ್ಲದ ಮೈ ಹಗೇವಿನ ಬಾಯಿಗೆ ಸಿಕ್ಕಿಕೊಂಡಿತು. ಒಂದು ಭುಜ ಹೊರಗೆ, ಇನ್ನೊಂದು ಕಲ್ಲಿನ ಕೆಳಗೆ. ಭುಜದ ಚರ್ಮ ಸುಲಿಯಿತು. ಮುಖ ಹೊರಗೆ ಬಂದಾಗ ತುಟಿ ನೇರಳೆ ಹಣ್ಣಿನ ಬಣ್ಣ ಆಗಿತ್ತು. ಸೊಸೆ ಅವನ ಎದೆ ಗುದ್ದಿದಳು, ನಾನು ಕೆನ್ನೆಗೆ ಬಡಿದೆ. ಹುಡುಗಿ ಕುಳಿತ ಜಾಗದಿಂದ ಕದಲಿರಲಿಲ್ಲ. ಹಗೇವಿನ ಬಾಯಿಯನ್ನೇ ನೋಡುತ್ತಿದ್ದಳು.

ಅವನು ಉಸಿರೆಳೆದ. ಜೀಪು ಮಾಡಿ ಮಿರಜಿಗೆ ಒಯ್ದೆವು, ಉಳಿದ.

ನಾವು ಮಿರಜಿನಲ್ಲಿದ್ದಾಗ ಮೈದುನ ಕಂದೀಲು ಹಚ್ಚಿ ಹಗೇವಿಗೆ ಇಳಿಸಿ ನೋಡಿದನಂತೆ. ತಳ ಮುಟ್ಟುವ ಮೊದಲೇ ಆರಿತಂತೆ. ಮತ್ತೆ ಹಚ್ಚಿ ಇಳಿಸಿದನಂತೆ, ಮತ್ತೆ ಆರಿತಂತೆ. ಸಂಜೆಯವರೆಗೂ ಅದನ್ನೇ ಮಾಡಿದನೆಂದು ಓಣಿಯವರು ಹೇಳಿದರು. ಆಮೇಲೆ ಬೇವಿನ ಟೊಂಗೆ ಇಳಿಸಿ ಗಾಳಿ ಆಡಿಸಿ, ಕಂದೀಲು ಉರಿಯುತ್ತ ಮೇಲೆ ಬಂದ ದಿನ ಜೋಳ ತೆಗೆದೆವು. ತುಸು ಮುಗ್ಗಲು ವಾಸನೆ ಇತ್ತು, ಹಗೇವಿನ ಜೋಳಕ್ಕೆ ಅದು ಇರುವುದೇ. ಮುಂದಿನ ಸುಗ್ಗಿಯ ತನಕ ಅದೇ ಜೋಳದ ರೊಟ್ಟಿ ತಿಂದೆವು. ಯಾಕೆ ತಿಂದಿರಿ ಎಂದು ತವರಿನವರು ಕೇಳಿದರು. ಅದಕ್ಕಾಗಿಯೇ ತಾನೆ ಇಳಿದದ್ದು ಎಂದೆ.

ಮಗ ಉಳಿದ ಎಂದೆನಲ್ಲ, ಅದು ಪೂರ್ತಿ ಮಾತಲ್ಲ. ಹೊಲಕ್ಕೆ ಹೋಗುತ್ತಾನೆ, ಎಮ್ಮೆ ಹಿಂಡುತ್ತಾನೆ, ನಗುತ್ತಾನೆ. ಆದರೆ ಮಾತಾಡುತ್ತ ಮಾತಾಡುತ್ತ ನಿಂತುಬಿಡುತ್ತಾನೆ. ‘ಅವ್ವಾ, ನಾಳೆ ನಿಪ್ಪಾಣಿಗೆ ಹೋದಾಗ’ ಎಂದು ಶುರುಮಾಡುತ್ತಾನೆ, ಅಲ್ಲಿಗೆ ನಿಲ್ಲುತ್ತದೆ. ಕಣ್ಣು ತೆರೆದೇ ಇರುತ್ತವೆ. ಹೊಸಬರು ಏನೋ ಯೋಚಿಸುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಮನೆಯವರು ಯಾರಾದರೂ ‘ಹೋ’ ಎನ್ನುತ್ತೇವೆ. ತುಸು ಹೊತ್ತಿಗೆ ‘ಹೋ’ ಎನ್ನುತ್ತಾನೆ, ತಿರುಗಿ ಬರುತ್ತಾನೆ. ಬಿಟ್ಟ ಮಾತು ಮಾತ್ರ ಬರುವುದಿಲ್ಲ. ಹಗೇವಿಗೆ ಕಲ್ಲು ಮಣ್ಣು ತುಂಬಿ ಮೇಲೆ ಫರಸಿ ಕಲ್ಲು ಹಾಸಿದೆವು. ಮಳೆಗಾಲ ಬಂದರೆ ಆ ಜಾಗ ಇನ್ನೂ ತುಸು ಕೆಳಗೆ ಕೂರುತ್ತದೆ.

ಇದನ್ನೆಲ್ಲ ನೋಡಿದ ಹುಡುಗಿ ಹೆದರುತ್ತಾಳೆ, ಕಪಾಟಿನ ಚಿತ್ರ ಕಿತ್ತು ಒಗೆಯುತ್ತಾಳೆ ಅಂದುಕೊಂಡಿದ್ದೆ. ಕೀಳಲಿಲ್ಲ. ಅಥಣಿಯಲ್ಲಿ ಕಾಲೇಜು, ಬೆಳಗಾವಿಯಲ್ಲಿ ಇಂಜಿನಿಯರಿಂಗ್, ಅಲ್ಲಿಂದ ವಾಯುಪಡೆ. ಸರಕು ಒಯ್ಯುವ ದೊಡ್ಡ ವಿಮಾನ ಹಾರಿಸುತ್ತಾಳೆ. ಊರವರು ಹೊಗಳಿದರು, ಪೇಟ ಸುತ್ತಿದರು. ಗಂಡು ಸಿಗುವುದಿಲ್ಲ ಎಂದು ಹಿಂದಿನಿಂದ ಆಡಿಕೊಂಡವರೂ ಅವರೇ.

ರಜೆಗೆ ಬಂದಾಗ ಒಮ್ಮೆ ಆ ಏಳು ಮಂದಿಯ ಕತೆಯನ್ನು ಅವಳೇ ತೆಗೆದಳು. ಮೇಲೆ ಹಾರುವಾಗಲೇ ಒಂದು ತುಣುಕು ಕಿತ್ತು ಬಂದು ರೆಕ್ಕೆಗೆ ಬಡಿದಿತ್ತಂತೆ. ಕಲ್ಲಲ್ಲ, ಕಬ್ಬಿಣವಲ್ಲ, ಥರ್ಮಾಕೋಲಿನಂಥ ಹಗುರ ಸಾಮಾನು. ಕೆಳಗಿನವರು ಅದನ್ನು ಚಿತ್ರದಲ್ಲಿ ನೋಡಿದ್ದರಂತೆ.

“ನೋಡಿ ಸುಮ್ಮನಿದ್ರ?”

“ಸುಮ್ಮನಿರಲಿಲ್ಲ ಆಯಿ. ಮಾತಾಡಿದ್ರು. ಹಿಂದನೂ ಹಂಗ ಬಡದಿತ್ತು, ಏನೂ ಆಗಿರಲಿಲ್ಲ. ಈ ಸಲಾನೂ ಏನೂ ಆಗೂದಿಲ್ಲ ಅಂತ ತಿಳಕೊಂಡ್ರು.”

ಮೈದುನ ಅಲ್ಲಿಯೇ ಕಟ್ಟೆಯ ಮೇಲೆ ಕುಳಿತಿದ್ದ. ಅವನಿಗೆ ಈಗ ಕಿವಿ ಮಂದ, ಆದರೂ ಅದು ಕೇಳಿಸಿತು. ಎದ್ದು ಒಳಗೆ ಹೋದ.

ಅವಳು ಇನ್ನೂ ಶಾಲೆಗೆ ಹೋಗುತ್ತಿದ್ದಾಗ ಕೃಷ್ಣೆಗೆ ದೊಡ್ಡ ನೆರೆ ಬಂದ ವರ್ಷ ನಾವೆಲ್ಲ ದನಕರು ಹೊಡೆದುಕೊಂಡು ದಿಬ್ಬಕ್ಕೆ ಹೋಗಿದ್ದೆವು. ಮೋಡ ಎಲ್ಲಿದೆ, ಎಷ್ಟಿದೆ ಎಂದು ಮೇಲಿನಿಂದ ತೆಗೆದ ಚಿತ್ರ ಟಿವಿಯಲ್ಲಿ ತೋರಿಸುತ್ತಿದ್ದರು. ಆ ಚಿತ್ರ ನೋಡಿಯೇ ನಾವು ಹೊತ್ತಿಗೆ ಮುಂಚೆ ಹೊರಟದ್ದು. ಮೇಲಿನ ಕೆಲಸದಿಂದ ಏನೂ ಲಾಭವಿಲ್ಲ ಎಂದು ನಾನು ಹೇಳುವುದಿಲ್ಲ. ಅದನ್ನು ನಿಲ್ಲಿಸಿದರೆ ಉಳಿದ ದುಡ್ಡು ನಮ್ಮ ಓಣಿಯ ನಳಕ್ಕೆ ಬರುತ್ತದೆ ಎಂದು ನಂಬುವಷ್ಟು ದಡ್ಡಿಯೂ ಅಲ್ಲ. ದುಡ್ಡು ಹೋದರೆ ಹೋಗಲಿ, ಅದು ಸರಕಾರದ ತಲೆನೋವು. ಆದರೆ ಆ ಚಿತ್ರ ತೆಗೆದದ್ದು ಡಬ್ಬಿ. ಅದರಲ್ಲಿ ಯಾರ ಮಗಳೂ ಇರಲಿಲ್ಲ.

ಮುಂದೆ ಒಂದು ವರ್ಷ ಸ್ವಾತಂತ್ರ್ಯದ ದಿನ ಹೇಳಿದರು, ನಮ್ಮ ದೇಶವೂ ತನ್ನದೇ ವಾಹನದಲ್ಲಿ ಮನುಷ್ಯರನ್ನು ಕಳಿಸುತ್ತದೆ ಎಂದು. ಟಿವಿ ಆರಿಸುವ ಮೊದಲೇ ನನಗೆ ಗೊತ್ತಾಗಿತ್ತು. ದೀಪಾವಳಿಗೆ ಅವಳು ಬಂದಳು. ಹೊತ್ತು ಇಳಿಯುವ ಮುಂಚೆ ಅಂಗಳದಲ್ಲಿ ಕುಳಿತಿದ್ದೆವು. ನಾನು ಅವರೆಕಾಯಿ ಬಿಡಿಸುತ್ತಿದ್ದೆ, ಮಗ ಫರಸಿಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ.

“ಮೊದಲ ಸಲಕ್ಕ ನನ್ನ ತಗೊಳ್ಳೂದಿಲ್ಲ ಆಯಿ. ಹೊಸಾ ವಿಮಾನ ಪರೀಕ್ಷಾ ಮಾಡೂ ಮಂದಿ ಬೇರೆ ಅದಾರ, ಅವರನ್ನ ತಗೊಳ್ತಾರ. ಅದರ ಮುಂದಿನ ಸಲಕ್ಕ ನಾ ಕೇಳಾವಕಿ.”

“ಡಬ್ಬಿ ಕಳಿಸಲಿ,” ಎಂದೆ. “ನೀ ಯಾಕ?”

“ಅವತ್ತು ಹಗೇವಿಗೆ ಡಬ್ಬೀನ ಇಳಿಸಿದ್ರಲ್ಲ. ಬ್ಯಾಟರಿ. ಎಲ್ಲಾ ಚಂದ ಕಾಣತೈತಿ ಅಂತ ಹೇಳ್ತು.”

“ಕಂದೀಲಾಗಿದ್ರ ಖರೇನ ಹೇಳ್ತಿತ್ತು. ಕಂದೀಲೂ ಮನಷ್ಯಾ ಅಲ್ಲ.”

“ಕಂದೀಲು ನಮ್ಮಂಗ ಗಾಳಿ ತಿಂತಿತ್ತು ಆಯಿ. ಹಂಗಾಗಿ ಅದಕ್ಕ ತಿಳೀತಿತ್ತು.”

“ಅಂದ್ರ ನಿನ್ನ ಕಂದೀಲ ಮಾಡಿ ಇಳಸ್ತಾರ. ಆರಿದ್ರ ಅಲ್ಲಿ ಗಾಳಿ ಇಲ್ಲಂತ ಬರಕೋತಾರ.”

ಅವಳು ನಕ್ಕಳು. ನಾನು ನಗಲಿಲ್ಲ. ಕಾಯಿ ಬದಿಗಿಟ್ಟು ಕೇಳಿದೆ. “ಒಂದು ಹೇಳು. ಅಲ್ಲಿಂದ ಓ ಅಂದ್ರ ಇಲ್ಲಿಗೆ ಕೇಳತೈತೇನು?”

“ಕೇಳತೈತಿ. ಯಾವಾಗಲೂ ಮಾತಾಡ್ತನ ಇರ್ತಾರ.”

“ಯಾವಾಗಲೂ?”

ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. “ಇಳಿದು ಬರಬೇಕಾದ್ರ ಸ್ವಲ್ಪ ಹೊತ್ತು ಇಲ್ಲ. ವಾಹನದ ಸುತ್ತ ಬೆಂಕಿ ಆಗಿರತೈತಿ. ಅದನ್ನ ದಾಟಿ ಮಾತು ಬರೂದಿಲ್ಲ.”

“ಆವಾಗ ಇಲ್ಲಿದ್ದವರು ಏನ್ ಮಾಡ್ತಾರ?”

“ಏನ್ ಮಾಡಾಕೂ ಬರೂದಿಲ್ಲ. ಕುಂತಿರ್ತಾರ.”

“ಹಗ್ಗ?”

“ಹಗ್ಗ ಇಲ್ಲ ಆಯಿ.”

“ಹಂಗಾದ್ರ ಬ್ಯಾಡ,” ಎಂದೆ. “ನನ್ನ ಕೇಳಿದ್ರ ಬ್ಯಾಡ. ಕೆಳಗ ಕುಂತು ಕಿವಿಗೊಟ್ಟು ಕೇಳೂ ಕೆಲಸ ಮಾಡು. ಅದು ನಿನಗ ಬರತೈತಿ. ನೀ ಕೇಳಿದ್ದಕ್ಕ ನಿಮ್ಮಪ್ಪ ಅದಾನ.”

“ಕೇಳೂ ಮಂದಿ ಬಾಳ ಅದಾರ ಆಯಿ,” ಎಂದಳು. “ಅವತ್ತಿಂದ ನಾ ಒಂದ ವಿಚಾರ ಮಾಡಾಕತ್ತೀನಿ. ಓ ಅನ್ನೂದು ನಿಂತಾಗ ಅಲ್ಲಿ ಏನಿರತೈತಿ ಅಂತ. ” ಅಪ್ಪನ ಕಡೆ ತಿರುಗಿದಳು. “ಅಪ್ಪಾ, ನೀವ ಹೇಳ್ರಿ. ನೀವು ಬ್ಯಾಡ ಅಂದ್ರ ನಾ ಹೆಸರ ಕೊಡೂದಿಲ್ಲ, ಇಲ್ಲೆ ಇರ್ತೀನಿ.”

ಇಷ್ಟು ವರ್ಷ ಯಾರೂ ಅವನ ಹತ್ತಿರ ಅದನ್ನು ಕೇಳಿರಲಿಲ್ಲ. ಮಗ ಹೊಸೆಯುತ್ತಿದ್ದ ಹಗ್ಗವನ್ನು ತೊಡೆಯ ಮೇಲೆ ಇಟ್ಟ. ಮಗಳ ಮುಖ ನೋಡಿದ. ಅಂದು ಅವನ ಕಣ್ಣು ಎಷ್ಟೋ ವರ್ಷದಲ್ಲಿ ಇಲ್ಲದಷ್ಟು ತಿಳಿಯಾಗಿದ್ದವು.

“ಹೋಗಬೇಕಂದ್ರ ಹೋಗು,” ಎಂದ. “ನಾ ತಡಿಯೂದಿಲ್ಲ. ಆದ್ರ ಒಂದ ಮಾತು ತಿಳಕೊಂಡು ಹೋಗು ಮಗಾ. ಅಲ್ಲಿ ಕೆಳಗ ನನಗ ಮೊದಲ ಏನ್ ಆತಂದ್ರ...”

ಅಲ್ಲಿಗೆ ನಿಂತ.

ಕಣ್ಣು ತೆರೆದೇ ಇದ್ದವು. ಸೊಸೆ ಒಳಗಿನಿಂದ ಹೊಸ್ತಿಲಿಗೆ ಬಂದು ನಿಂತಳು. ನಾನು ‘ಹೋ’ ಎನ್ನಬೇಕಿತ್ತು. ಎನ್ನಲಿಲ್ಲ. ಎಂದರೆ ಅವನು ತಿರುಗಿ ಬರುತ್ತಾನೆ, ಮಾತು ಅಲ್ಲಿಯೇ ಉಳಿಯುತ್ತದೆ. ಎನ್ನದಿದ್ದರೆ ಮಾತು ಹಿಡಿದುಕೊಂಡೇ ಬರಬಹುದು ಎಂದು ಕಾಯ್ದೆ. ಹುಡುಗಿಯೂ ಕಾಯ್ದಳು. ಹೊತ್ತು ಮುಳುಗಿತು. ಬುಟ್ಟಿಯಲ್ಲಿನ ಅವರೆಕಾಯಿ ಕಾಣದಂತಾಯಿತು.

ಕೊನೆಗೆ ಅವಳೇ ‘ಹೋ’ ಎಂದಳು. ಒಮ್ಮೆ ಅಂದಳು, ಉತ್ತರ ಬರಲಿಲ್ಲ. ಇನ್ನೊಮ್ಮೆ ಅಂದಳು.

“ಹೋ,” ಎಂದ ಅವನು. ಹಗ್ಗ ಕೈಗೆತ್ತಿಕೊಂಡು ಹೊಸೆಯತೊಡಗಿದ. “ದೀಪ ಹಚ್ಚವಲ್ಲಿ ಯಾಕ ಅವ್ವಾ?”

ಮರುದಿನ ಅವಳು ಹೊರಟಳು. ಮಿರಜಿನಿಂದ ರೈಲು. ಬಸ್ಸು ಹತ್ತುವ ಮುಂಚೆ ನನ್ನ ಕಾಲು ಮುಟ್ಟಿ, “ಅಪ್ಪ ಬ್ಯಾಡ ಅನ್ನಲಿಲ್ಲ ಆಯಿ,” ಎಂದಳು. ಅವನು ಬ್ಯಾಡ ಎನ್ನಲಿಲ್ಲ, ಅದು ಖರೆ. ಏನು ಎನ್ನುವವನಿದ್ದ ಎಂಬುದು ಯಾರಿಗೂ ಗೊತ್ತಿಲ್ಲ. ಆಮೇಲೆ ನಾನು ಎಷ್ಟೋ ಸಲ ಕೇಳಿದ್ದೇನೆ. “ಅಂಥಾದ್ದೇನ್ ಹೇಳಾಂವ ಇದ್ದೆ ನಾ?” ಎಂದು ನನ್ನನ್ನೇ ಕೇಳುತ್ತಾನೆ.

ವಾರಕ್ಕೊಮ್ಮೆ ಫೋನು ಬರುತ್ತದೆ. ಮೇಲೆ ಹೋಗುವವರಲ್ಲಿ ಅವಳ ಹೆಸರು ಸೇರಿಸಿಕೊಂಡಿದ್ದಾರೋ ಇಲ್ಲವೋ, ಅವಳು ಹೇಳುವುದಿಲ್ಲ. ಎತ್ತಿದ ಕೂಡಲೆ ಮೊದಲು ‘ಹೋ’ ಎನ್ನುತ್ತಾಳೆ. ನಾನೂ ಎನ್ನುತ್ತೇನೆ. ನಡುವೆ ಒಮ್ಮೊಮ್ಮೆ ಅವಳ ದನಿ ತೆಳ್ಳಗಾಗಿ ನಿಂತುಹೋಗುತ್ತದೆ. ನಮ್ಮೂರಲ್ಲಿ ರೇಂಜ್ ಸರಿಯಿಲ್ಲ ಎನ್ನುತ್ತಾಳೆ ಸೊಸೆ. ಇರಬಹುದು. ನಾನು ಫೋನು ಕಿವಿಯಿಂದ ತೆಗೆಯುವುದಿಲ್ಲ.